ಊರ ಕೆರೆಯಲ್ಲಿ ಹೆಬ್ಬಾತಿಗೂ ಪಾಲು: ಜನರ ಒಪ್ಪಿಗೆಯಿಂದ ಹಕ್ಕಿಗಳ ನೆಲೆ ಉಳಿಸುವ ಬಗೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಊರ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳೂ ಹಲವು ಬಗೆಯ ಬಾತುಗಳೂ ಬರುತ್ತವೆ. ಕೆರೆಯನ್ನು ಪಕ್ಷಿಗಳಿಗಾಗಿ ಮೀಸಲು ಎಂದು ಘೋಷಿಸಬೇಕೆಂದು ಊರಿನ ಕೆಲವು ಯುವಕರು ಅರ್ಜಿ ಕೊಡಲು ಹೊರಟಿದ್ದಾರೆ. ನೀರಿನ ಹಕ್ಕು ಹೋದೀತೆಂದು ಅಚ್ಚುಕಟ್ಟಿನ ರೈತರೂ, ಬಲೆ ಹಾಕಲು ಬಿಡಲಾರರೆಂದು ಮೀನಿನ ಗುತ್ತಿಗೆ ಹಿಡಿದವರೂ ಇದನ್ನು ವಿರೋಧಿಸುತ್ತಿದ್ದಾರೆ. ಈ ನಡುವೆ ಹೂಳೆತ್ತಿಸಿ, ಕೆರೆಯ ಸುತ್ತ ವಾಕಿಂಗ್ ಪಾತ್ ಮಾಡಿಸಿಕೊಡಲು ದಾನಿಗಳು ಮುಂದೆ ಬಂದಿದ್ದಾರೆ. ಅಮೆರಿಕದಲ್ಲಿ ಬಾತಿನ ಚಿತ್ರದ ಸ್ಟಾಂಪ್ ಮಾರಿ ಜೌಗುನೆಲಗಳನ್ನು ಉಳಿಸುತ್ತಾರೆಂದು ಓದಿದ್ದೇನೆ. ಅಂಥದ್ದು ಇಲ್ಲಿ ಸಾಧ್ಯವೇ? ಜನರನ್ನು ಎದುರುಹಾಕಿಕೊಳ್ಳದೆ ಹಕ್ಕಿಗಳ ನೆಲೆಯನ್ನು ಕಾಪಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಓದಿದರೆ ರೈತರು ಮತ್ತು ಮೀನುಗಾರರು ಒಂದು ಪಕ್ಷ, ಹಕ್ಕಿಗಳು ಇನ್ನೊಂದು ಪಕ್ಷ ಎಂಬಂತೆ ತೋರುತ್ತದೆ. ಮೊದಲು ಈ ಎಣಿಕೆಯನ್ನೇ ತಿದ್ದಿಕೊಳ್ಳಬೇಕು. ಬಯಲುಸೀಮೆಯ ಕೆರೆಗೆ ಹೆಬ್ಬಾತು ಬರುವುದು ಅಲ್ಲಿ ಜನರ ಓಡಾಟವಿಲ್ಲ ಎಂಬ ಕಾರಣಕ್ಕಲ್ಲ. ಜನರು ಆ ಕೆರೆಯನ್ನು ಶತಮಾನಗಳಿಂದ ಬಳಸುತ್ತ ಬಂದ ಕ್ರಮವೇ ಅದಕ್ಕೆ ಬೇಕಾದ ನೆಲೆಯನ್ನು ಒದಗಿಸಿದೆ. ಮಳೆಗಾಲದಲ್ಲಿ ತುಂಬಿದ ಕೆರೆಯಿಂದ ಹಿಂಗಾರಿ ಬೆಳೆಗೆ ತೂಬಿನ ಮೂಲಕ ನೀರು ಬಿಡುತ್ತ ಹೋದಂತೆ ನೀರಿನ ಮಟ್ಟ ಮೆಲ್ಲಗೆ ಇಳಿಯುತ್ತದೆ, ಏರಿಗೆ ಎದುರಾಗಿರುವ ಇಳಿಜಾರು ಕಡೆಯಲ್ಲಿ ವಾರದಿಂದ ವಾರಕ್ಕೆ ಹೊಸ ಕೆಸರಂಚು ತೆರೆದುಕೊಳ್ಳುತ್ತದೆ. ಆ ಅಂಚಿನಲ್ಲೇ ಹುಳು, ಬಸವನಹುಳು, ಜೊಂಡಿನ ಬೀಜ, ಎಳೆಯ ಹುಲ್ಲು ದೊರೆಯುವುದು. ಸೂಜಿಬಾಲದ ಬಾತು, ಚಲುಕದ ಬಾತು ಮುಂತಾದವು ತಲೆ ಕೆಳಗೆ ಮಾಡಿ ಮೇಯುವ ಹಕ್ಕಿಗಳಾದುದರಿಂದ ಅವುಗಳಿಗೆ ಮೊಣಕಾಲುದ್ದದ ನೀರು ಸಾಕು, ಅದಕ್ಕಿಂತ ಆಳವಾದರೆ ಕೊಕ್ಕು ತಳಕ್ಕೆ ಎಟುಕುವುದಿಲ್ಲ. ಮೆಟ್ಟುಗಾಲು ಹಕ್ಕಿ, ಗೊರವಗಳಿಗೆ ಕೆಲವೇ ಇಂಚು ನೀರು ಬೇಕು. ವರ್ಷವಿಡೀ ಕೋಡಿಯ ಮಟ್ಟಕ್ಕೆ ತುಂಬಿ ನಿಂತ ಕೆರೆ ನೋಡಲು ಚೆಂದವಾದರೂ ನಾಮದಕೋಳಿ, ನೀರುಕಾಗೆಗಳನ್ನು ಬಿಟ್ಟರೆ ಹೆಚ್ಚಿನ ನೀರುಹಕ್ಕಿಗಳಿಗೆ ಅಲ್ಲಿ ಊಟವಿಲ್ಲ.

ನಿಮಗೆ ಹತ್ತಿರದ ಉದಾಹರಣೆ ಗದಗ ಜಿಲ್ಲೆಯ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ. ನೀರಾವರಿಗೆಂದು ಜನರೇ ಕಟ್ಟಿದ, 54 ಹೆಕ್ಟೇರ್‌ಗಳಷ್ಟೇ ವಿಸ್ತಾರದ ಈ ಕೆರೆಯಲ್ಲಿ ಚಳಿಗಾಲ ಕಳೆಯಲು ಸುಮಾರು 8,000 ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಮಂಗೋಲಿಯ, ಟಿಬೆಟ್ಟಿನ ಪ್ರಸ್ಥಭೂಮಿಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ, ನವೆಂಬರ್ ಸುಮಾರಿಗೆ ಇಳಿಯುವ ಈ ಹಕ್ಕಿಗಳು ಹಗಲಿನ ಬಹುಪಾಲು ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಎಂದರೆ ಅವುಗಳ ನೆಲೆ ಕೆರೆಯ ಗಡಿಕಲ್ಲಿಗೆ ಮುಗಿಯುವುದಿಲ್ಲ. ಕಡಲೆ, ಶೇಂಗಾ ಬೆಳೆಯುವ ರೈತರ ಹೊಲವೂ ಅದರಲ್ಲಿ ಸೇರಿದೆ. ಸರ್ಕಾರ ಕೆರೆಯೊಂದನ್ನೇ ಕಾಯ್ದಿರಿಸಿ, ಹೊಲದ ಒಡೆಯರು ಮುನಿಸಿಕೊಂಡರೆ ಹೆಬ್ಬಾತಿಗೆ ಮಲಗುವ ಮನೆ ಸಿಕ್ಕಿ ಅಡುಗೆಮನೆ ಕೈತಪ್ಪಿದಂತಾಗುತ್ತದೆ. 2024ರ ಜನವರಿ ಕೊನೆಯಲ್ಲಿ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದವು. ಅದಕ್ಕೆ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು. ಈ ನಾಲ್ಕರಲ್ಲಿ ಎರಡು ಅಪ್ಪಟ ನೀರಾವರಿ ಕೆರೆಗಳು. ಅಘನಾಶಿನಿಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಭತ್ತದ ಗದ್ದೆ), ಮೀನು, ಚಿಪ್ಪಿ, ಏಡಿಗಳನ್ನು ನಂಬಿ ಬದುಕುವ ಕುಟುಂಬಗಳೇ 6,000ದಿಂದ 7,500ರಷ್ಟಿವೆ. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ರೂಪುಗೊಂಡ ಆ ಒಪ್ಪಂದದ ಪೂರ್ಣ ಹೆಸರಿನಲ್ಲೇ ನೀರುಹಕ್ಕಿಗಳ ನೆಲೆ ಎಂಬ ಮಾತಿದೆ; ಆದರೂ ಅದು ಕೇಳುವುದು ಜೌಗುನೆಲದ ವಿವೇಕಯುತ ಬಳಕೆಯನ್ನೇ ಹೊರತು ಬಳಕೆಯ ನಿಷೇಧವನ್ನಲ್ಲ.

ನಿಷೇಧದ ದಾರಿ ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ರಾಜಸ್ಥಾನದ ಭರತಪುರ ತೋರಿಸಿಕೊಟ್ಟಿದೆ. ಅಲ್ಲಿನ ಕೇವಲಾದೇವ್ ಸಹ ಮನುಷ್ಯರೇ ಒಡ್ಡು ಕಟ್ಟಿ ನೀರು ನಿಲ್ಲಿಸಿದ ತಾಣ. ಹಿಂದೆ ಅರಸರು ಬಾತುಗಳನ್ನು ಬೇಟೆಯಾಡಲು ಮಾಡಿಕೊಂಡದ್ದು. 1981ರಲ್ಲಿ, ಚಿಲಿಕಾದ ಜೊತೆಯಲ್ಲೇ, ಭಾರತದ ಮೊದಲ ರಾಮ್ಸಾರ್ ತಾಣಗಳಲ್ಲಿ ಒಂದಾಯಿತು. ರಾಷ್ಟ್ರೀಯ ಉದ್ಯಾನವಾದ ಬೆನ್ನಲ್ಲೇ, 1982ರ ನವೆಂಬರಿನಲ್ಲಿ, ಸುತ್ತಲಿನ ಹಳ್ಳಿಗಳ ಎಮ್ಮೆಗಳು ಒಳಗೆ ಮೇಯುವುದನ್ನು ನಿಲ್ಲಿಸಲಾಯಿತು. ಜನರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು. ಮುಂದೆ ಆದದ್ದನ್ನು ನಿಷೇಧ ಹೇರಿದವರು ಊಹಿಸಿರಲಿಲ್ಲ. ಎಮ್ಮೆಗಳು ಮೇಯ್ದು ಹತೋಟಿಯಲ್ಲಿಟ್ಟಿದ್ದ ಪಾಸ್ಪಾಲಂ ಎಂಬ ನೀರುಹುಲ್ಲು ಎಲ್ಲೆಡೆ ಹಬ್ಬಿ, ತೆರೆದ ನೀರನ್ನು ಮುಚ್ಚಿ, ಬಾತುಗಳಿಗೂ ಮೀನುಗಳಿಗೂ ಜಾಗವಿಲ್ಲದಂತೆ ಮಾಡಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಅದೇ ದಶಕದಲ್ಲಿ ಅಲ್ಲಿ ನಡೆಸಿದ ದೀರ್ಘ ಅಧ್ಯಯನ ಎಮ್ಮೆಗಳ ಮೇಯುವಿಕೆ ಆ ಜೌಗುನೆಲಕ್ಕೆ ಉಪಕಾರಿಯೇ ಆಗಿತ್ತೆಂಬ ನಿಲುವಿಗೆ ಬಂದಿತು. ಎಲ್ಲ ಕೆರೆಗಳಿಗೂ ಎಮ್ಮೆ ಹೊಡೆಯಬೇಕೆಂಬ ಅರ್ಥ ಇದಕ್ಕಿಲ್ಲ. ಒಂದು ಬಳಕೆಯನ್ನು ನಿಲ್ಲಿಸುವ ಮುನ್ನ ಅದು ಆ ನೆಲದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ತಿಳಿದುಕೊಳ್ಳದಿದ್ದರೆ ಜನರ ಬೆಂಬಲವೂ ಹೋಗುತ್ತದೆ, ಹಕ್ಕಿಗಳೂ ಹೋಗುತ್ತವೆ.

ಇದಕ್ಕೆ ಪ್ರತಿಯಾಗಿ, ಜನರೇ ನಿಂತು ಕಾಪಾಡಿದ ತಾಣಗಳನ್ನು ನೋಡಿದರೆ ಅಲ್ಲೆಲ್ಲ ಕೊಡು-ಕೊಳ್ಳುವ ಒಂದು ಲೆಕ್ಕ ಇದ್ದೇ ಇರುತ್ತದೆ. ತಮಿಳುನಾಡಿನ ವೇಡಂತಾಂಗಲ್ ಗ್ರಾಮಸ್ಥರು ಹಕ್ಕಿಗಳನ್ನು ಹೊಡೆಯುತ್ತಿದ್ದ ಬ್ರಿಟಿಷ್ ಸಿಪಾಯಿಗಳ ಮೇಲೆ ದೂರು ಕೊಟ್ಟು, 18ನೆಯ ಶತಮಾನದ ಕೊನೆಯಲ್ಲೇ ಕಲೆಕ್ಟರನಿಂದ ರಕ್ಷಣೆಯ ಕೌಲು, ಎಂದರೆ ಲಿಖಿತ ಭರವಸೆ, ಪಡೆದರು. ಹಕ್ಕಿಗಳ ಹಿಕ್ಕೆ ಬೆರೆತ ಕೆರೆಯ ನೀರು ತಮ್ಮ ಗದ್ದೆಗೆ ಗೊಬ್ಬರವೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಕಥೆ ಇನ್ನಷ್ಟು ಸಂಕೀರ್ಣವಾದದ್ದು. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಊರೊಳಗಿನ ಹುಣಸೆಮರಗಳಲ್ಲಿ, ಜನರ ಹಿತ್ತಿಲುಗಳಲ್ಲಿ. ಹಕ್ಕಿಗಳು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂಬ ಅಲ್ಲಿಯ ಜನರ ಮಾತನ್ನು ಪತ್ರಿಕೆಗಳು ಮೆಚ್ಚಿ ಬರೆಯುತ್ತವೆ. ಆ ಭಾವನೆ ನಿಜವಾದದ್ದೇ. ಆದರೆ ಗೂಡಿರುವ ಮರದ ಹುಣಸೆಹಣ್ಣನ್ನು ಬಡಿದು ಮಾರಲಾಗದ ಮನೆಗೆ ವರ್ಷದ ಒಂದು ಆದಾಯ ಕೈಬಿಟ್ಟುಹೋಗುತ್ತದೆ ಎಂಬುದೂ ಅಷ್ಟೇ ನಿಜ. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡಲು ಆರಂಭಿಸಿದ್ದು, ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟದ್ದು, 2007ರಲ್ಲಿ ಊರು ಸಮುದಾಯ ಮೀಸಲು ಎಂದು ಘೋಷಣೆಯಾದದ್ದು, ಇವೆಲ್ಲ ಕೂಡಿದಾಗಲೇ ಆ ಭಾವನೆಗೆ ಬಾಳಿಕೆ ಬಂದದ್ದು. ಪರಿಹಾರದ ಹಣ ತಡವಾದರೆ ಅಥವಾ ಹುಣಸೆಯ ಬೆಲೆಗಿಂತ ತೀರ ಹಿಂದೆ ಬಿದ್ದರೆ ಮರದ ಮೇಲಿನ ಮಮತೆಯೂ ಸೊರಗುತ್ತದೆ. ಅದನ್ನು ಜನರ ದೋಷವೆಂದು ಎಣಿಸುವುದು ಅನ್ಯಾಯ.

ಇನ್ನು ಕಾನೂನಿನ ವಿಷಯ. ನಿಮ್ಮ ಊರಿನ ಭಯದ ಬಹುಪಾಲು ‘ಮೀಸಲು’ ಎಂದರೆ ‘ಅಭಯಾರಣ್ಯ’ ಎಂಬ ತಿಳಿವಳಿಕೆಯಿಂದ ಹುಟ್ಟಿದೆ ಎಂದು ನನಗೆ ಅನಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಎಂಬ ಎರಡು ಹೊಸ ಬಗೆಗಳು ಬಂದವು. ಸರ್ಕಾರಿ ಜಾಗವಾದರೆ 36ಎ ಕಲಮಿನಡಿ, ಸ್ಥಳೀಯರೊಡನೆ ಸಮಾಲೋಚನೆ ನಡೆಸಿದ ಮೇಲೆ, ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು. ಖಾಸಗಿ ಅಥವಾ ಸಮುದಾಯದ ಜಾಗವನ್ನು ಒಡೆಯರೇ ಸ್ವಇಚ್ಛೆಯಿಂದ ಮುಂದಿಟ್ಟರೆ 36ಸಿ ಅಡಿ ಸಮುದಾಯ ಮೀಸಲು ಮಾಡಬಹುದು. ಕೆರೆ ಸರ್ಕಾರದ್ದಾದುದರಿಂದ ನಿಮಗೆ ಹೊಂದುವುದು ಮೊದಲನೆಯದು. ಬೇಟೆ, ಬೆಂಕಿ, ವಿಷ ಹಾಕುವುದು ಮುಂತಾದವುಗಳ ಮೇಲಿನ ನಿರ್ಬಂಧಗಳು ಅದಕ್ಕೂ ಅನ್ವಯಿಸುತ್ತವೆ. ಆದರೆ ಅಭಯಾರಣ್ಯದೊಳಗೆ ಕಾಲಿಡಲು ಪರವಾನಗಿ ಬೇಕೆನ್ನುವ ಉಪಕಲಮನ್ನು ಕಾಯ್ದೆ ಇದಕ್ಕೆ ಅನ್ವಯಿಸಿಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಗಳವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳವರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅಚ್ಚುಕಟ್ಟಿನ ರೈತರಿಗೆ ಮತ್ತು ಮೀನುಗಾರರಿಗೆ ಅಲ್ಲಿ ಹೆಸರಿಸಿದ ಸ್ಥಾನವಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ. ಆದ್ದರಿಂದ ಪಂಚಾಯಿತಿಯ ಪ್ರತಿನಿಧಿ ಅಚ್ಚುಕಟ್ಟಿನವರ ಪೈಕಿಯೇ ಇರಲಿ, ಮೀನುಗಾರರನ್ನು ಪ್ರತಿ ಸಭೆಗೂ ಕರೆಯಲಿ ಎಂದು ಗ್ರಾಮಸಭೆಯ ಠರಾವಿನಲ್ಲೇ ಬರೆಸಿಡುವುದು ಲೇಸು.

2017ರ ಜೌಗುಪ್ರದೇಶ ನಿಯಮಗಳನ್ನು ನೆಚ್ಚಿಕೊಂಡಿದ್ದರೆ ಒಂದು ಎಚ್ಚರಿಕೆ ಹೇಳಬೇಕು. ಒತ್ತುವರಿ, ಕಸ ಸುರಿಯುವುದು, ಸಂಸ್ಕರಿಸದ ಕೊಳಚೆ ಬಿಡುವುದು ಇವುಗಳನ್ನು ಆ ನಿಯಮಗಳು ನಿಷೇಧಿಸುತ್ತವೆ, ನಿಜ. ಆದರೆ ಕುಡಿಯುವ ನೀರಿಗೆಂದೋ ನೀರಾವರಿಗೆಂದೋ ಕಟ್ಟಿದ ಜಲಾಶಯಗಳನ್ನು ಜೌಗುಪ್ರದೇಶದ ವ್ಯಾಖ್ಯೆಯಿಂದಲೇ ಹೊರಗಿಟ್ಟಿವೆ. ಕರ್ನಾಟಕದ ಕೆರೆಗಳೆಲ್ಲ ಹೆಚ್ಚುಕಡಿಮೆ ಹೀಗೆ ಕಟ್ಟಿದವೇ! ರಾಮ್ಸಾರ್ ಪಟ್ಟಿಗೆ ಸೇರದ ಊರ ಕೆರೆಯೊಂದು ಆ ನಿಯಮಗಳ ನೆರಳಿಗೆ ತಾನಾಗಿ ಬರುವುದಿಲ್ಲ.

ಇದಕ್ಕಿಂತ ಮುಂಚೆ ಕಂಡುಕೊಳ್ಳಬೇಕಾದದ್ದು ನಿಮ್ಮ ಕೆರೆ ಸರ್ಕಾರದ ಯಾವ ಇಲಾಖೆಯದು ಎಂಬುದನ್ನು. ಅಚ್ಚುಕಟ್ಟು 40 ಹೆಕ್ಟೇರ್ ಮೀರಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು, ಅದಕ್ಕಿಂತ ಕಿರಿದಾದವು ಪಂಚಾಯತ್ ವ್ಯವಸ್ಥೆಯವು. ಪಹಣಿ ಮತ್ತು ಗಡಿಯ ವಿಚಾರ ಕಂದಾಯ ಇಲಾಖೆಯದು, ಮೀನಿನ ಗುತ್ತಿಗೆ ಮೀನುಗಾರಿಕೆ ಇಲಾಖೆಯದೋ ಗ್ರಾಮ ಪಂಚಾಯಿತಿಯದೋ ಆಗಿರುತ್ತದೆ, ಕೆರೆಯಂಗಳದ ಜಾಲಿಮರಗಳು ಅರಣ್ಯ ಇಲಾಖೆ ನೆಟ್ಟವಾಗಿರಬಹುದು. ಒಬ್ಬರು ಹಕ್ಕಿಗಳಿಗೆಂದು ಉಳಿಸಿದ್ದನ್ನು ಇನ್ನೊಬ್ಬರು ತಮ್ಮ ಕಾಮಗಾರಿಯಲ್ಲಿ ಕಿತ್ತುಹಾಕುವುದು ಈ ಹಂಚಿಕೆಯಿಂದಲೇ. ಭೂಮಾಪಕರಿಂದ ಅಳತೆ ಮಾಡಿಸಿ ಗಡಿ ಗುರುತು ಹಾಕಿಸಿದ ಕೆರೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ.

ದಾನಿಗಳ ಹೂಳೆತ್ತುವ ಯೋಜನೆಯೇ ನನ್ನ ದೃಷ್ಟಿಯಲ್ಲಿ ಸದ್ಯದ ದೊಡ್ಡ ಅಪಾಯ. ಹೂಳೆತ್ತುವುದು ತಪ್ಪಲ್ಲ, ಕೆರೆಯ ಗೋಡು ಮಣ್ಣು ಹೊಲಕ್ಕೆ ಒಳ್ಳೆಯದೆಂದು ರೈತರು ಹಿಂದಿನಿಂದಲೂ ಹೇರಿಕೊಂಡು ಹೋಗುತ್ತಿದ್ದರು. ಆದರೆ ಎತ್ತಿನ ಗಾಡಿಯಲ್ಲಿ ಪ್ರತಿ ಬೇಸಿಗೆ ಒಂದಿಷ್ಟು ಮಣ್ಣು ತೆಗೆಯುವುದಕ್ಕೂ, ಹಿಟಾಚಿ ಇಳಿಸಿ ಒಂದೇ ತಿಂಗಳಲ್ಲಿ ಇಡೀ ಅಂಗಳವನ್ನು ಬಾಣಲೆಯ ಆಕಾರಕ್ಕೆ ತೋಡಿ, ಆ ಮಣ್ಣನ್ನೇ ಸುತ್ತ ಪೇರಿಸಿ ನಡಿಗೆಯ ದಾರಿ ಮಾಡುವುದಕ್ಕೂ ಬಹಳ ಅಂತರವಿದೆ. ಬೆಂಗಳೂರಿನ ಹಲವು ಕೆರೆಗಳ ಪುನರುಜ್ಜೀವನ ಹೀಗೆಯೇ ನಡೆದು, ಇಳಿಜಾರು ಅಂಚುಗಳೆಲ್ಲ ಮಾಯವಾಗಿ, ನೀರಂಚಿನ ಹಕ್ಕಿಗಳಿಗೆ ಕಾಲೂರಲು ನೆಲವಿಲ್ಲದಂತಾಯಿತು. ಸುತ್ತುದಾರಿ ಬಂದರೆ ಹಕ್ಕಿಗಳಿಗೆ ಯಾವ ದಿಕ್ಕಿನಲ್ಲೂ ಜನರಿಂದ ದೂರವಿರುವ ಮೂಲೆಯೇ ಉಳಿಯುವುದಿಲ್ಲ. ಹೂಳನ್ನು ಏರಿಯ ಕಡೆಯ ಅರ್ಧದಲ್ಲಿ, ತೂಬಿನ ಸುತ್ತ, ಹೆಬ್ಬಾತುಗಳು ಮರಳಿಹೋದ ಮೇಲೆ ಏಪ್ರಿಲ್-ಮೇ ತಿಂಗಳಲ್ಲಿ ತೆಗೆಯಲಿ; ನೀರು ಬಂದು ಸೇರುವ ಕಡೆಯ ಇಳಿಜಾರನ್ನು ಮುಟ್ಟುವುದು ಬೇಡ. ಇದರಿಂದ ರೈತರಿಗೆ ನೀರಿನ ಸಂಗ್ರಹವೂ ಹೆಚ್ಚುತ್ತದೆ, ಹಕ್ಕಿಗಳ ಅಂಚೂ ಉಳಿಯುತ್ತದೆ. ಅಂಗಳದ ಕರಿಜಾಲಿ ಮರಗಳಲ್ಲಿ ಗೂಡುಗಳಿದ್ದರೆ ಅವುಗಳನ್ನು ಕಡಿಯಬಾರದು. ಅಂಕಸಮುದ್ರದಲ್ಲಿ ಬಣ್ಣದ ಕೊಕ್ಕರೆ ಮತ್ತು ಕೆಂಬರಲುಗಳು ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವುದಕ್ಕೆ ನೀರಿನಲ್ಲಿ ನಿಂತ ಜಾಲಿಮರಗಳೇ ಆಸರೆ. ಪೊದೆಯಾಗಿ ಹಬ್ಬುವ ಬಳ್ಳಾರಿ ಜಾಲಿಯನ್ನು ಹತೋಟಿಯಲ್ಲಿಡುವುದು ಬೇರೆ ಮಾತು. ನೋಡುಗರಿಗೆ ಏರಿಯೇ ಸಾಕು. ಅದರ ಮೇಲೆ ಒಂದೆಡೆ ಮರೆಕಟ್ಟಿದ ವೀಕ್ಷಣಾ ಜಾಗ ಮಾಡಿದರೆ ಚಳಿಗಾಲದಲ್ಲಿ ಬರುವ ಛಾಯಾಗ್ರಾಹಕರನ್ನೂ ಅಲ್ಲೇ ನಿಲ್ಲಿಸಬಹುದು. ಒಳ್ಳೆಯ ಚಿತ್ರಕ್ಕಾಗಿ ಹಿಂಡನ್ನು ಎಬ್ಬಿಸಿ ಹಾರಿಸುವವರ ಕಾಟ ಬಲೆಯ ಕಾಟಕ್ಕಿಂತ ಕಡಿಮೆಯೇನಲ್ಲ, ಡ್ರೋನ್ ಬಂದ ಮೇಲಂತೂ ಹೇಳುವುದೇ ಬೇಡ.

ಮೀನಿನ ಗುತ್ತಿಗೆಯವರೊಡನೆ ರಾಜಿಗೆ ದಾರಿ ಇದೆ. ಬಲೆಗಳಲ್ಲಿ ಗುಳುಮುಳುಕ, ನೀರುಕಾಗೆ, ಹಾವಕ್ಕಿಯಂಥ ಮುಳುಗುವ ಹಕ್ಕಿಗಳು ಸಿಕ್ಕಿ ಸಾಯುವುದು, ದೋಣಿಯ ಓಡಾಟದಿಂದ ಹಿಂಡುಗಳು ಪದೇಪದೇ ಏಳುವುದು, ಹಕ್ಕಿ ಓಡಿಸಲು ಪಟಾಕಿ ಹೊಡೆಯುವುದು, ಈ ಮೂರೇ ಮುಖ್ಯ ತೊಂದರೆಗಳು. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಇಳಿಜಾರು ಕಡೆಯ ಒಂದು ಭಾಗದಲ್ಲಿ ಬಲೆ ಮತ್ತು ದೋಣಿ ಬೇಡ, ಉಳಿದ ಕಡೆ ಎಂದಿನಂತೆ ಹಿಡಿಯಲಿ ಎಂಬ ಷರತ್ತನ್ನು ಮುಂದಿನ ಹರಾಜಿನ ಕರಾರಿನಲ್ಲೇ ಸೇರಿಸಿ, ಅದಕ್ಕೆ ತಕ್ಕಂತೆ ಗುತ್ತಿಗೆಯ ಮೊತ್ತವನ್ನು ಇಳಿಸಬೇಕು. ನಡುವೆ ಕರಾರು ಮುರಿದು ನಷ್ಟವನ್ನು ಅವರ ತಲೆಗೆ ಕಟ್ಟಿದರೆ ಮೊದಲ ವರ್ಷವೇ ಕೆಲಸ ಕೆಡುತ್ತದೆ. ಒಡಿಶಾದ ಚಿಲಿಕಾ ದಡದ ಮಂಗಲಾಜೋಡಿಯಲ್ಲಿ ಹಿಂದೆ ಹಕ್ಕಿ ಹಿಡಿದು ಮಾರುತ್ತಿದ್ದವರೇ 2000ದಲ್ಲಿ ರಕ್ಷಣಾ ಸಮಿತಿ ಕಟ್ಟಿ, ಕ್ರಮೇಣ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಮಾರ್ಗದರ್ಶಕರಾದರು. ನೀರನ್ನೂ ಹಕ್ಕಿಯನ್ನೂ ಅವರಷ್ಟು ಬಲ್ಲವರು ಬೇರಿರಲಿಲ್ಲ. ನಿಮ್ಮ ಊರಲ್ಲಿಯೂ ಕಾವಲಿನ ಕೂಲಿ ಮೊದಲು ಸಲ್ಲಬೇಕಾದದ್ದು ಮೀನುಗಾರರ ಮನೆಗಳಿಗೆ.

ನೀರಿನ ಮಾತು ಹೆಚ್ಚು ಸೂಕ್ಷ್ಮವಾದದ್ದು. ಮಳೆ ಚೆನ್ನಾಗಿ ಆದ ವರ್ಷ ಯಾವ ಒಪ್ಪಂದವೂ ಬೇಕಾಗುವುದಿಲ್ಲ. ಕೊರತೆಯ ವರ್ಷದಲ್ಲಿ ತೂಬಿನ ಮಟ್ಟದ ಕೆಳಗೆ ಉಳಿದ ನೀರನ್ನು ಪಂಪು ಹಚ್ಚಿ ಎತ್ತುವುದನ್ನು ತಡೆಯಬೇಕೆಂಬುದಷ್ಟೇ ನಾನು ಕೇಳುವ ರಿಯಾಯಿತಿ. ಆ ನೀರು ದನಕರುಗಳಿಗೂ ಸುತ್ತಲಿನ ಬಾವಿ, ಕೊಳವೆಬಾವಿಗಳ ಒರತೆಗೂ ಬೇಕಾದದ್ದು. ತೂಬಿನ ಮೇಲಿನ ನೀರು ರೈತರದು, ಹಕ್ಕಿಗಳ ಹೆಸರಿನಲ್ಲಿ ಅದನ್ನು ಹಿಡಿದಿಡುವುದು ಸಲ್ಲದು. ನದಿಯಿಂದ ಪೈಪಿನಲ್ಲಿ ನೀರು ತಂದು ಕೆರೆ ತುಂಬಿಸುವ ಯೋಜನೆ ನಿಮ್ಮಲ್ಲಿಗೂ ಬರಬಹುದು. ರೈತರಿಗೆ ಅದು ವರದಾನವಾದುದರಿಂದ ವಿರೋಧಿಸಬೇಡಿ, ಆದರೆ ಜನವರಿಯ ನಂತರ ಮಟ್ಟ ಇಳಿಯಲು ಬಿಡಬೇಕೆಂದು ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರರಿಗೆ ಬರೆದುಕೊಡಿ.

ಬೆಳೆಯ ನಷ್ಟವನ್ನು ಅಲ್ಲಗಳೆಯಬೇಡಿ. ಹೆಬ್ಬಾತಿನ ಹಿಕ್ಕೆ ಗೊಬ್ಬರವಾಗುತ್ತದೆಂದು ರೈತನಿಗೆ ಉಪದೇಶ ಮಾಡುವುದು ಸುಲಭ. ಕೆರೆಗೆ ಹೊಂದಿದ ನಾಲ್ಕಾರು ಹೊಲಗಳವರೇ ನಷ್ಟದ ಬಹುಪಾಲನ್ನು ಹೊರುತ್ತಾರೆ, ಹಕ್ಕಿ ನೋಡಿ ಸಂತೋಷಪಡುವವರು ಊರೆಲ್ಲ ಇರುತ್ತಾರೆ. ಸ್ಕಾಟ್ಲೆಂಡಿನ ಐಲಾ ದ್ವೀಪದಲ್ಲಿ ಚಳಿಗಾಲದ ಹೆಬ್ಬಾತುಗಳಿಗೆ ಹುಲ್ಲುಗಾವಲು ಬಿಟ್ಟುಕೊಟ್ಟ ರೈತರಿಗೆ ಸರ್ಕಾರ ಹಣ ಕೊಡುತ್ತ ಬಂದಿದೆ; ಅಲ್ಲೂ ತಕರಾರು ಮುಗಿದಿಲ್ಲವಾದರೂ ನಷ್ಟ ಯಾರದೆಂಬುದನ್ನು ಒಪ್ಪಿಕೊಂಡಿದ್ದಾರೆ. ನಿಮ್ಮಲ್ಲಿ ಆ ಕೆಲವು ಸರ್ವೆ ನಂಬರುಗಳನ್ನು ಗುರುತಿಸಿ, ಊರ ನಿಧಿಯಿಂದ ಬೀಜದ ಖರ್ಚನ್ನಾದರೂ ತುಂಬಿಕೊಡುವುದು ಅಸಾಧ್ಯವಲ್ಲ. ಸಿಟ್ಟಾದ ರೈತ ವಿಷ ಬೆರೆಸಿದ ಕಾಳು ಚೆಲ್ಲಿದರೆ ಒಂದೇ ರಾತ್ರಿಯಲ್ಲಿ ಆಗುವ ಹಾನಿಯನ್ನು ಯಾವ ಕಾವಲುಗಾರನೂ ತಡೆಯಲಾರ.

ಅಮೆರಿಕದ ಸ್ಟಾಂಪಿನ ಬಗ್ಗೆ ಕೇಳಿದ್ದೀರಿ. 1934ರಲ್ಲಿ ಆರಂಭವಾದ ಆ ಪದ್ಧತಿಯಲ್ಲಿ 16 ವರ್ಷ ತುಂಬಿದ ಪ್ರತಿಯೊಬ್ಬ ಬಾತಿನ ಬೇಟೆಗಾರ ವರ್ಷಕ್ಕೊಂದು ಸ್ಟಾಂಪ್ ಕೊಳ್ಳಲೇಬೇಕು. ಆಗ ಒಂದು ಡಾಲರ್ ಇದ್ದ ಬೆಲೆ ಈಗ 25 ಡಾಲರ್. ಅದರ ಶೇಕಡಾ 98ರಷ್ಟು ಪಾಲು ಜೌಗುನೆಲಗಳನ್ನು ಕೊಳ್ಳಲು ಅಥವಾ ಅವುಗಳ ಮೇಲೆ ಕರಾರು ಮಾಡಿಕೊಳ್ಳಲು ಹೋಗುತ್ತದೆ. ನಮಗೆ ಪಾಠವಿರುವುದು ಸ್ಟಾಂಪಿನಲ್ಲಲ್ಲ, ಆ ಕರಾರಿನಲ್ಲಿ. ರೈತ ತನ್ನ ಜಮೀನನ್ನು ತನ್ನಲ್ಲೇ ಇಟ್ಟುಕೊಂಡು, ಅದರೊಳಗಿನ ಜೌಗನ್ನು ಬಸಿಯುವುದಿಲ್ಲ, ತುಂಬುವುದಿಲ್ಲ ಎಂದು ಬರೆದುಕೊಟ್ಟು ಅದಕ್ಕೆ ಹಣ ಪಡೆಯುತ್ತಾನೆ. ಭಾರತದಲ್ಲಿ ಬೇಟೆ ನಿಷಿದ್ಧವಾದುದರಿಂದ ಕಡ್ಡಾಯವಾಗಿ ಹಣ ಕೊಡುವ ಅಂಥ ವರ್ಗ ಇಲ್ಲಿಲ್ಲ. ಆದರೆ ಕೆರೆಯ ಖರ್ಚನ್ನು ಕೆರೆಯ ಸುತ್ತಲೇ ಹುಟ್ಟಿಸುವ ಪದ್ಧತಿ ನಮಗೆ ಹೊಸದಲ್ಲ. ಕೆರೆ ಕಟ್ಟಿ ಕಾಪಾಡಿದವರಿಗೆ ಕಟ್ಟುಕೊಡಗೆಯ ಭೂಮಿ, ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಇವು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಏರ್ಪಾಡುಗಳು. ಮೀನಿನ ಗುತ್ತಿಗೆಯ ಒಂದು ಭಾಗ, ಹೊರಗಿನ ಛಾಯಾಗ್ರಾಹಕರಿಂದ ಶುಲ್ಕ, ದಾನಿಗಳ ಠೇವಣಿಯ ಬಡ್ಡಿ ಇವುಗಳನ್ನು ಒಂದೇ ಖಾತೆಗೆ ತಂದು, ಲೆಕ್ಕವನ್ನು ಪ್ರತಿ ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಮೇಲಿನ ಪರಿಹಾರಗಳಿಗೆ ಅಡಿಪಾಯವಾಗುತ್ತದೆ.

ಅರ್ಜಿಯನ್ನು ಈ ವರ್ಷವೇ ಕೊಡುವುದು ಬೇಡವೆಂದು ನಿಮ್ಮ ಯುವಕರಿಗೆ ತಿಳಿಸಿ. ಅವರ ಉತ್ಸಾಹಕ್ಕೆ ಸದ್ಯ ಇರುವ ಒಳ್ಳೆಯ ಕೆಲಸ ಎಣಿಕೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಸ್ವಯಂಸೇವಕರ ಬಲದಿಂದಲೇ ನಡೆದುಬಂದಿದೆ; ನಿಮ್ಮ ಕೆರೆಯನ್ನು ಅದಕ್ಕೆ ಸೇರಿಸಿ, ಶಾಲೆಯ ಮಕ್ಕಳನ್ನೂ ಮೀನುಗಾರರನ್ನೂ ಜೊತೆಗೆ ಕರೆದುಕೊಂಡು ಎಣಿಸಲಿ. ನೀರಿನ ಮಟ್ಟವನ್ನೂ ಅದೇ ಪುಸ್ತಕದಲ್ಲಿ ಬರೆಯಲಿ, ಏಕೆಂದರೆ ಯಾವ ಮಟ್ಟದಲ್ಲಿ ಯಾವ ಹಕ್ಕಿ ಎಷ್ಟಿತ್ತು ಎಂಬ ಕೆಲವು ವರ್ಷಗಳ ದಾಖಲೆ ಕೈಯಲ್ಲಿದ್ದರೆ ಎಂಜಿನಿಯರರ ಎದುರು ವಾದಕ್ಕೆ ಬಲ ಬರುತ್ತದೆ. ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇಕಡಾ ಒಂದು ಭಾಗ ಅಥವಾ ನಿಯತವಾಗಿ 20,000 ನೀರುಹಕ್ಕಿಗಳು ಸೇರುವ ತಾಣ ರಾಮ್ಸಾರ್ ಅರ್ಹತೆ ಪಡೆಯುವುದೂ ಇಂಥ ಎಣಿಕೆಯಿಂದಲೇ. ಈ ನಡುವೆ ಗಡಿಯ ಅಳತೆ, ಮೀನಿನ ಹೊಸ ಕರಾರು, ಗ್ರಾಮಸಭೆಯ ಠರಾವು ಇಷ್ಟು ಕೈಸೇರಿದ ಮೇಲೆ 36ಎ ಅಡಿಯ ಅರ್ಜಿ ಹೋಗಲಿ. ಆಗ ಕಾಯ್ದೆ ಕೇಳುವ ಸಮಾಲೋಚನೆ ನಡೆದೇ ಹೋಗಿರುತ್ತದೆ. ದಾನಿಗಳು ಅಷ್ಟರವರೆಗೆ ಕಾಯಲಾರೆವು ಎಂದರೆ ಅವರ ಹಣವನ್ನು ಈ ಬೇಸಿಗೆಯಲ್ಲೇ ಕೆರೆಗೆ ನೀರು ತರುವ ಹಳ್ಳ ಮತ್ತು ಕಾಲುವೆಗಳ ಒತ್ತುವರಿ ತೆರವಿಗೂ, ತೂಬಿನ ದುರಸ್ತಿಗೂ ಕೊಡಲು ಹೇಳಿ. ಅಚ್ಚುಕಟ್ಟಿನವರು ಬಹಳ ಕಾಲದಿಂದ ಕೇಳುತ್ತಿರುವ ಕೆಲಸಗಳು ಬಹುಶಃ ಅವೇ ಆಗಿರುತ್ತವೆ.